ಸಾರುವೆಯಿಂದ ಹುಡುಗ ಬಿದ್ದ, ಭಾನುವಾರ ಸ್ಲ್ಯಾಬ್ ಇದೆ. ಹೊಣೆ ಯಾರದು, ನಾನೇನು ಮಾಡಲಿ?

ಅಕ್ಕೋರು, ವಿಜಯಪುರ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಅಥಣಿ ರಸ್ತೆ ಕಡೆ 30-40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನಮ್ಮ ಮನೆಯವರು ಕೆಲಸಕ್ಕೆ ಸೊಲ್ಲಾಪುರದಲ್ಲಿರುತ್ತಾರೆ. ಶನಿವಾರ ರಾತ್ರಿ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಾರೆ. ಹಾಗಾಗಿ ಉಸುಕು ಬಂತಾ, ಖಡಿ ಬಂತಾ, ಗೋಡೆಗೆ ನೀರು ಹೊಡೆದರಾ ಅಂತ ನೋಡುವವಳು ನಾನೇ. ಸಾಮಾನು ನಮ್ಮದು, ಲೇಬರ್ ಗುತ್ತಿಗೆ ಒಬ್ಬರಿಗೆ ಕೊಟ್ಟಿದ್ದೇವೆ. ಚದರಡಿಗೆ ಇಷ್ಟು ಅಂತ ಬಾಯಿಮಾತಿನಲ್ಲಿ ಆಗಿದೆ. ಕೊಟ್ಟ ದುಡ್ಡನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಅಷ್ಟೇ. ಕೂಲಿಯವರಿಗೆ ವಾರದ ಪಗಾರ ಅವರೇ ಕೊಡುತ್ತಾರೆ.

ಕೆಳಗಿನ ಮನೆಗೆ ಹೊರಗಿನ ಗಿಲಾವ್ (ಪ್ಲಾಸ್ಟರ್) ನಡೆದಿದೆ. ಮೇಲೆ ಗೋಡೆ ಮುಗಿದು ಸೆಂಟ್ರಿಂಗ್, ಅಂದರೆ ಹಸಿ ಸ್ಲ್ಯಾಬ್ ಹೊರುವ ಹಲಗೆ-ಕಂಬ, ಹೊಡೆಯುತ್ತಿದ್ದಾರೆ. ಬರುವ ಭಾನುವಾರ ಮೇಲಿನ ಸ್ಲ್ಯಾಬ್.

ಹೋದ ಮಂಗಳವಾರ ಮಧ್ಯಾಹ್ನ ಹಿಂದಿನ ಗೋಡೆಗೆ ಗಿಲಾವ್ ಮಾಡುತ್ತಿದ್ದ ಹುಡುಗ ಸಾರುವೆಯಿಂದ ಬಿದ್ದ. ಹನ್ನೊಂದು ಅಡಿ ಎತ್ತರ ಇರಬಹುದು. ಕೆಳಗೆ ಒಡೆದ ಇಟ್ಟಂಗಿ ರಾಶಿ. ನಿಂತ ಹಾಗೆಯೇ ಕಾಲೂರಿ ಬಿದ್ದಿದ್ದಾನೆ. ಎಡಗಾಲಿನ ಹಿಮ್ಮಡಿ ಮೂಳೆ ಒಡೆದಿದೆ. ನಾನು ಶಾಲೆಯಿಂದ ಓಡಿ ಬರುವಷ್ಟರಲ್ಲಿ ನಾಲ್ಕು ಜನ ಎತ್ತಿ ಟಂಟಂನಲ್ಲಿ ಹಾಕಿಕೊಂಡು ಹೋಗಿದ್ದರು. ಆಪರೇಷನ್ ಆಯಿತು. ಮೂರು ತಿಂಗಳು ಆ ಕಾಲು ಊರಬಾರದು ಅಂದಿದ್ದಾರೆ ಡಾಕ್ಟರು. ತಾಂಡಾದ ಹುಡುಗ, 22 ವರ್ಷ. ಹೆಂಡತಿ ನಮ್ಮ ಸೈಟಿನಲ್ಲೇ ಬುಟ್ಟಿ ಹೊರುತ್ತಿದ್ದಳು. ಎರಡು ವರ್ಷದ ಮಗು ಇದೆ. ಈಗ ಅವಳೂ ಆಸ್ಪತ್ರೆಯಲ್ಲೇ ಇದ್ದಾಳೆ. ಅಂದರೆ ಎರಡೂ ಪಗಾರ ನಿಂತವು.

ನನಗೆ ನಿದ್ದೆ ಬಾರದಿರುವುದು ಇನ್ನೊಂದು ಕಾರಣಕ್ಕೆ. ಸೋಮವಾರ ಸಂಜೆ ನಾನು ಅದೇ ಸಾರುವೆ ಕೆಳಗೆ ನಿಂತಿದ್ದೆ. ಬೊಂಬು ನೆಟ್ಟು, ಅಡ್ಡಕೋಲಿನ ಒಂದು ತುದಿ ಗೋಡೆಯ ತೂತಿನಲ್ಲಿ ಸಿಗಿಸಿ, ಇನ್ನೊಂದು ತುದಿಯನ್ನು ಬೊಂಬಿಗೆ ಸುತಲಿಯಿಂದ ಕಟ್ಟಿದ್ದರು. ಆ ಸುತಲಿ ಹಳೆಯದು, ಸಿಮೆಂಟ್ ನೀರು ಕುಡಿದು ಬೆಳ್ಳಗಾಗಿತ್ತು, ಎಳೆ ಬಿಟ್ಟಿತ್ತು. ಮೇಲೆ ಒಂದೇ ಒಂದು ಸೆಂಟ್ರಿಂಗ್ ಹಲಗೆ. ಅದರ ಎಡ ತುದಿ ಅಡ್ಡಕೋಲಿನ ಆಚೆ ಒಂದೂವರೆ ಅಡಿ ಸುಮ್ನೆ ಗಾಳಿಯಲ್ಲಿ ಚಾಚಿತ್ತು. ಯಾವುದಕ್ಕೂ ಕಟ್ಟಿರಲಿಲ್ಲ. ನಾನು ಕೇಳಿದೆ ಕೂಡ, "ಇದು ಸರಿ ಐತೇನ್ರೀ?" ಅಂತ. "ಏನ್ ಆಗಾಂಗಿಲ್ಲ ಬಿಡ್ರಿ ಅಕ್ಕೋರೆ, ಇಪ್ಪತ್ ವರ್ಷದಿಂದ ಹಿಂಗ ಕಟ್ಟಾಕತ್ತೀವಿ" ಅಂದರು. ನಾನು ಸುಮ್ಮನಾದೆ. ಮರುದಿನ ಹುಡುಗ ಅದೇ ತುದಿಗೆ ಕಾಲಿಟ್ಟ, ಹಲಗೆಯ ಈಚೆ ತುದಿ ಮೇಲೆದ್ದಿತು.

ಗುತ್ತಿಗೆದಾರರು ಹತ್ತು ಸಾವಿರ ಕೊಟ್ಟು "ಮನಿ ನಿಮ್ದು, ಉಳಿದದ್ದು ನೀವ ನೋಡ್ರಿ" ಅನ್ನುತ್ತಾರೆ. ಪಕ್ಕದ ಮನೆಯವರು "ಒಂದು ರೂಪಾಯಿ ಕೊಡಬೇಡಿ, ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ" ಅನ್ನುತ್ತಾರೆ. ಪ್ಲಾನ್ ಪಾಸ್ ಮಾಡಿಸುವಾಗ ಕಾರ್ಮಿಕರ ಸೆಸ್ ಅಂತ ನಾವು ಕಟ್ಟಿದ ರಸೀದಿ ಇದೆ. ಅದರಿಂದ ಆ ಹುಡುಗನಿಗೆ ಏನಾದರೂ ಸಿಗುತ್ತದಾ? ಕಾನೂನಿನ ಪ್ರಕಾರ ಹೊಣೆ ಯಾರದು? ಅದಕ್ಕಿಂತ ಮುಖ್ಯ, ಭಾನುವಾರ ನಮ್ಮ ಮನೆಯ ಮೇಲೆ ಇಪ್ಪತ್ತು ಜನ ಹತ್ತುತ್ತಾರೆ. ನನಗೆ ಈ ಕೆಲಸ ಗೊತ್ತಿಲ್ಲ. ಗೊತ್ತಿಲ್ಲದವಳು ಏನು ನೋಡಬೇಕು, ಏನು ಕೇಳಬೇಕು? "ನಿಮಗೇನು ತಿಳೀತದ" ಅಂದರೆ ಏನು ಹೇಳಲಿ? ತಪ್ಪಿಸಿಕೊಳ್ಳುವ ದಾರಿ ಹೇಳಬೇಡಿ, ಅದನ್ನು ಹೇಳುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹಳೇ ಸೂಪರ್‌ವೈಸರ್, ಬಾಗಲಕೋಟೆ

ಅಕ್ಕೋರೆ, ಮೊದಲು ಭಾನುವಾರದ ಸ್ಲ್ಯಾಬ್ ಮುಂದಕ್ಕೆ ಹಾಕಿ. ಮಿಕ್ಸರ್ ಹೇಳಿದ್ದೀವಿ, ಜನಕ್ಕೆ ಹೇಳಿದ್ದೀವಿ ಅಂತಾರೆ. ಅನ್ನಲಿ.

ಎರಡನೆಯದು, ಇವತ್ತೇ ಡಾಕ್ಟರನ್ನು ಕೇಳಿ, ಹುಡುಗನ ಬೆನ್ನು ನೋಡಿದ್ದಾರಾ ಅಂತ. ಎತ್ತರದಿಂದ ಹಿಮ್ಮಡಿ ಮೇಲೆ ಬಿದ್ದರೆ ಪೆಟ್ಟು ಮೇಲಕ್ಕೆ ಹತ್ತುತ್ತದೆ. ಸೊಂಟದ ಹತ್ತಿರ ಬೆನ್ನೆಲುಬು ಬಿರಿದಿರಬಹುದು, ಕಾಲಿನ ನೋವಿನಲ್ಲಿ ಅದು ಗೊತ್ತಾಗುವುದಿಲ್ಲ. ಅದಕ್ಕೇ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಬಾರದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಬೇಕು. ನಿಮ್ಮವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಯಾರೂ ಹೇಳಿಕೊಟ್ಟಿಲ್ಲ.

ನಾನು ಮೂವತ್ತು ವರ್ಷ ಸೈಟಿನಲ್ಲಿ ಕಳೆದವನು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟವರಿಗೆ ನವನಗರ ಎದ್ದಾಗ, ಒಂದೊಂದು ಸೆಕ್ಟರಿನಲ್ಲಿ ಒಟ್ಟಿಗೆ ಎಷ್ಟೋ ಮನೆ ಕಟ್ಟಿದ ಕಾಲ ಅದು. ನೀವು ಬರೆದ ಹಲಗೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಆಧಾರದ ಆಚೆ ಒಂದೂವರೆ ಅಡಿ ಚಾಚಿದ ಹಲಗೆ ತಕ್ಕಡಿ ಇದ್ದಂತೆ. ನಾವು ಹಲಗೆ ದಪ್ಪದ ನಾಲ್ಕು ಪಟ್ಟಿಗಿಂತ ಜಾಸ್ತಿ ಚಾಚಲು ಬಿಡುತ್ತಿರಲಿಲ್ಲ. ಒಂದೂವರೆ ಇಂಚಿನ ಹಲಗೆ ಅಂದರೆ ಅರ್ಧ ಅಡಿ, ಮುಗೀತು. ಎರಡೂ ತುದಿ ಕಟ್ಟಬೇಕು. ಒಂದೇ ಹಲಗೆ ಸಾಲದು, ಪಕ್ಕಪಕ್ಕ ಎರಡೋ ಮೂರೋ ಬೇಕು. ಗಿಲಾವ್ ಮಾಡುವವನ ಕಣ್ಣು ಗೋಡೆ ಮೇಲಿರುತ್ತದೆ, ಪಾದದ ಮೇಲಲ್ಲ. ಬೆನ್ನ ಹಿಂದೆ ಸೊಂಟದ ಎತ್ತರಕ್ಕೆ ಅಡ್ಡ ಬೊಂಬು ಕಟ್ಟಬೇಕು. ಕೆಳಗಿನ ಇಟ್ಟಂಗಿ ರಾಶಿ ಎತ್ತಿಸಬೇಕು. ನೀವು ಸೋಮವಾರ ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ತಪ್ಪಿತ್ತು.

ಈಗ ಸ್ಲ್ಯಾಬ್. ಹಸಿ ಕಾಂಕ್ರೀಟ್ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ ಎರಡೂವರೆ ಟನ್. ಅದರ ಮೇಲೆ ಸರಳು, ಜನ, ಬುಟ್ಟಿ. ಅಷ್ಟೂ ಭಾರ ಸೆಂಟ್ರಿಂಗಿಗೆ ಕೆಳಗಿನಿಂದ ಆಧಾರ ಕೊಟ್ಟ ಕಂಬಗಳ ಮೇಲೆ. ಆದ್ದರಿಂದ ನೀವು ಮೇಲೆ ನೋಡಬೇಡಿ, ಕಂಬದ ಬುಡ ನೋಡಿ. ನಿಮ್ಮದು ಎರಡನೇ ಸ್ಲ್ಯಾಬ್, ಒಳಗಿನ ಕಂಬಗಳು ಕೆಳಗಿನ ಸ್ಲ್ಯಾಬ್ ಮೇಲೆ ನಿಂತಿರುತ್ತವೆ, ಚಿಂತೆ ಕಡಿಮೆ. ಆದರೆ ಮುಂದೆ ಪೋರ್ಟಿಕೊ ಅಥವಾ ಬಾಲ್ಕನಿ ಹೊರಗೆ ಚಾಚಿದ್ದರೆ ಅದರ ಕಂಬ ನೆಲದಿಂದಲೇ ಎದ್ದಿರುತ್ತವೆ. ನಿಮ್ಮ ಕಡೆ ಎರಿ (ಕಪ್ಪು) ಮಣ್ಣು. ಒಣಗಿದಾಗ ಕಲ್ಲಿನ ಹಾಗೆ ಇರುತ್ತದೆ, ಗೋಡೆಗೆ ಹೊಡೆದ ನೀರು ಹರಿದು ಬಂದರೆ ಬೆಣ್ಣೆ. ಕಂಬದ ಕೆಳಗೆ ಅಗಲವಾದ ದಪ್ಪ ಹಲಗೆ ಇರಬೇಕು. ಎತ್ತರ ಸಾಲದೆ ಇಟ್ಟಂಗಿ ಮೇಲೆ ಇಟ್ಟಂಗಿ ಪೇರಿಸಿ ಕಂಬ ನಿಲ್ಲಿಸಿದ್ದರೆ ತೆಗೆಸಿ. ಎರಡು ತುಂಡು ನೀಲಗಿರಿ ಕಂಬ ಜೋಡಿಸಿ ಮೊಳೆ ಹೊಡೆದಿದ್ದರೆ ಅದನ್ನೂ ತೆಗೆಸಿ. ಕಂಬಗಳ ನಡುವೆ ಅಡ್ಡಪಟ್ಟಿ ಇದೆಯಾ ನೋಡಿ. ಕೈಯಿಂದ ಒಂದು ಕಂಬ ಅಲ್ಲಾಡಿಸಿ. ಅಲ್ಲಾಡಿದರೆ ಅದು ಭಾರ ಹೊತ್ತಿಲ್ಲ, ಪಕ್ಕದ್ದು ಎರಡರಷ್ಟು ಹೊರುತ್ತದೆ. ಇದಕ್ಕೆ ಇಂಜಿನಿಯರ್ ಓದಬೇಕಿಲ್ಲ.

ಕಾಂಕ್ರೀಟ್ ಹಾಕುವಾಗ ಕೆಳಗೆ ಯಾರೂ ಕೂರಬಾರದು. ಮಗು ಮಲಗಿಸುವುದು, ಊಟಕ್ಕೆ ಕೂರುವುದು, ಎರಡೂ ಅಲ್ಲಿ ಬೇಡ. ನೆರಳಿದೆ ಅಂತ ಅಲ್ಲೇ ಹೋಗುತ್ತಾರೆ ನೋಡಿ. ಬೇರೆ ಕಡೆ ತಾಡಪತ್ರಿ ಕಟ್ಟಿಸಿಕೊಡಿ.

ಇನ್ನೊಂದು. ಮನೆ ಮುಂದೆ ಕರೆಂಟ್ ಲೈನ್ ಇದೆಯಾ? ಸರಳು 12 ಮೀಟರ್ ಉದ್ದ ಬರುತ್ತದೆ, ಹತ್ತಿರ ಹತ್ತಿರ ನಲವತ್ತು ಅಡಿ. ಅದನ್ನು ಕೆಳಗಿನಿಂದ ನೆಟ್ಟಗೆ ಎತ್ತಿ ಮೇಲಿನವನ ಕೈಗೆ ಕೊಡುತ್ತಾರೆ. ಒಮ್ಮೆ ನನ್ನ ಕಣ್ಣೆದುರಿಗೆ ಹಾಗೆ ಎತ್ತಿದ ಸರಳಿನ ತುದಿ ಬಳುಕಿ 11 ಕೆವಿ ಲೈನಿನ ಕಡೆ ವಾಲಿತು. ಮುಟ್ಟುವ ಮೊದಲು ಕೆಳಗಿನವನು ಕೈಬಿಟ್ಟು ಓಡಿದ. ಒಂದು ಗೇಣು ಅಂತರ ಇತ್ತು. ಆಮೇಲೆ ಅವನು ಸಂಜೆ ತನಕ ಮಾತಾಡಲಿಲ್ಲ, ಕೈ ನಡುಗುತ್ತಲೇ ಇತ್ತು. 11 ಕೆವಿ ಲೈನಿನಿಂದ ಕಟ್ಟಡಕ್ಕೆ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಲೇಬೇಕು ಅಂತ ನಿಯಮ. ಅದು ಕಟ್ಟಿದ ಮನೆಯ ಲೆಕ್ಕ, ಸರಳು ಎತ್ತುವಾಗ ಅದೂ ಸಾಲದು. ಹೆಸ್ಕಾಂಗೆ ಅರ್ಜಿ ಕೊಟ್ಟು ಆ ಹೊತ್ತಿಗೆ ಲೈನಿನ ಕರೆಂಟ್ ಬಂದ್ ಮಾಡಿಸಿ, ಇಲ್ಲ ಸರಳನ್ನು ಹಿಂದಿನ ಕಡೆಯಿಂದ ಹಗ್ಗ ಕಟ್ಟಿ ಎಳೆಸಿ.

ನೀರಿನ ಮೋಟಾರಿನ ವೈರ್ ನೋಡಿ. ಪ್ಲಗ್ ಇಲ್ಲದೆ ಬರೀ ತಂತಿ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಗಿಸಿರುತ್ತಾರೆ, ಹೌದಲ್ವಾ? ಒದ್ದೆ ನೆಲ, ಬರಿಗಾಲು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದನ್ನು ತಾತ್ಕಾಲಿಕ ಬೋರ್ಡಿಗೆ ಹಾಕಿಸಿ. ಕರೆಂಟ್ ಮೈಗೆ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಆಗುತ್ತದೆ. ಮನೆ ಮುಗಿದ ಮೇಲೆ ಅದೇ ನಿಮ್ಮ ಮನೆಗೂ ಬರುತ್ತದೆ.

"ನಿಮಗೇನು ತಿಳೀತದ" ಅಂದರೆ, "ತಿಳಿಯೋದಿಲ್ಲ, ಅದಕ್ಕೇ ತಿಳಿಸಿ ಹೇಳಿ, ಅಲ್ಲಿತನಕ ಯಾರೂ ಹತ್ತೋದು ಬೇಡ" ಅನ್ನಿ. ದುಡ್ಡು ಕೊಡುವವರು ನಿಲ್ಲಿಸಿ ಅಂದರೆ ಕೆಲಸ ನಿಲ್ಲುತ್ತದೆ. ಸೈಟಿನಲ್ಲಿ ಆ ಬಲ ಇರುವವರು ನೀವೊಬ್ಬರೇ.

ಬೆಳಗಾವಿಯಿಂದ, ಕಾರ್ಮಿಕ ಕೇಸು ನೋಡುವ ವಕೀಲ

ಮೇಡಂ, ನಿಮ್ಮ ಕಾನೂನಿನ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಹುಡುಗನನ್ನು ಕೆಲಸಕ್ಕೆ ಕರೆದು ಪಗಾರ ಕೊಡುವವರು ಗುತ್ತಿಗೆದಾರರು, ಹಾಗಾಗಿ ಮೊದಲ ಹೊಣೆ ಅವರದೇ. 1923ರ ಪರಿಹಾರ ಕಾಯ್ದೆಯಿಂದ ಬಂದ ನಿಯಮ ಇದು. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಚಿಕಿತ್ಸೆಗೆ ಆದ ನಿಜವಾದ ಖರ್ಚು ಪೂರ್ತಿ ಕೊಡಬೇಕು. ಕೆಲಸ ಮಾಡಲಾಗದಷ್ಟು ದಿನ, ಅರ್ಧ ತಿಂಗಳಿಗೊಮ್ಮೆ, ತಿಂಗಳ ಪಗಾರದ 25 ಪರ್ಸೆಂಟ್ ಕೊಡಬೇಕು. ಕಾಲು ಪೂರ್ತಿ ಸರಿಹೋಗದೆ ಊನ ಉಳಿದರೆ ಅದಕ್ಕೆ ಬೇರೆ ಲೆಕ್ಕ. ಕ್ಲೇಮ್ ಹಾಕಲು ಎರಡು ವರ್ಷದ ಗಡುವು ಇದೆ. ಹತ್ತು ಸಾವಿರ ಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ.

ಬಿಲ್ಡರ್ ಕಟ್ಟಿಸುವ ಕಟ್ಟಡವಾದರೆ ಗುತ್ತಿಗೆದಾರ ಕೊಡದಿದ್ದಾಗ ಬಿಲ್ಡರನೇ ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕು. ಸ್ವಂತ ಮನೆ ಕಟ್ಟಿಸುವವರ ವಿಷಯದಲ್ಲಿ ಅಷ್ಟು ಸರಳವಿಲ್ಲ, ವಾದಕ್ಕೆ ಜಾಗ ಇದೆ. ಯಾರು ಕರೆದರು, ಯಾರು ಕೂಲಿ ಎಣಿಸಿದರು, ಯಾರ ಮಾತಿನಂತೆ ಕೆಲಸ ನಡೆಯುತ್ತಿತ್ತು ಅಂತ ನೋಡುತ್ತಾರೆ. ನಿಮ್ಮ ಡೈರಿ ಜೋಪಾನ ಮಾಡಿ. ಮುಂದಿನ ಕೆಲಸಕ್ಕಾದರೂ ಕರಾರು ಬರೆಸಿ.

ನೆರೆಯವರ ಮಾತು ಕೇಳಬೇಡಿ. ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟಿ, ಬಿಲ್ ಇಟ್ಟುಕೊಳ್ಳಿ. ಮನುಷ್ಯ ಬಿದ್ದಾಗ ಚಿಕಿತ್ಸೆ ಕೊಡಿಸಿದ್ದನ್ನೇ ತಪ್ಪೊಪ್ಪಿಗೆ ಅಂತ ಯಾವ ಕೋರ್ಟೂ ಓದುವುದಿಲ್ಲ. ಇನ್ನೊಂದು ಎಚ್ಚರ. ಯಾರಾದರೂ ಬಂದು "ಇಷ್ಟು ಕೊಟ್ಟು ಇನ್ನು ಯಾವ ಹಕ್ಕೂ ಇಲ್ಲ ಅಂತ ಬಾಂಡ್ ಪೇಪರ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋಣ" ಅಂದರೆ ಒಪ್ಪಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ಊರ್ಜಿತವೇ ಅಲ್ಲ. ನಾನು ಅಂಥ ಕಾಗದಗಳನ್ನು ಬಹಳ ನೋಡಿದ್ದೇನೆ. ಆಸ್ಪತ್ರೆಯ ಮಂಚದ ಮೇಲೆಯೇ ಬರೆಸಿಕೊಂಡಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೆಸ್ ರಸೀದಿ ವಿಮೆ ಅಲ್ಲ. ಆ 1 ಪರ್ಸೆಂಟ್ ಹಣ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಅಲ್ಲಿ ನೋಂದಾಯಿಸಿ ಕಾರ್ಡ್ ಮಾಡಿಸಿಕೊಂಡವರಿಗೆ ಮಾತ್ರ ಅಪಘಾತದ ನೆರವು. ಹುಡುಗನಿಗೆ ಕಾರ್ಡ್ ಇದೆಯಾ ಮೊದಲು ಕೇಳಿ. ಇದ್ದರೆ ಆಸ್ಪತ್ರೆ ಕಾಗದ ಒಂದೂ ಕಳೆಯದಂತೆ ಹೇಳಿ. 18ರಿಂದ 60 ವಯಸ್ಸಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ಅವನ ಹೆಂಡತಿಗೂ ಮಾಡಿಸಿ. ಬುಟ್ಟಿ ಹೊರುವವರೂ ಕಟ್ಟಡ ಕಾರ್ಮಿಕರೇ. ಎಷ್ಟೋ ಕಡೆ ಗಂಡನ ಕಾರ್ಡ್ ಮಾತ್ರ ಆಗಿರುತ್ತದೆ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಅಂದ ಹಾಗೆ ಮೊದಲು 10 ಲಕ್ಷ ದಾಟಿದ ಸ್ವಂತ ಮನೆಗೆ ಸೆಸ್ ಇತ್ತು, ಹೊಸ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಸೆಸ್ ಇಲ್ಲ ಅಂದ ಮಾತ್ರಕ್ಕೆ ಹೊಣೆ ಇಲ್ಲ ಅಂತ ಯಾರೂ ತಿಳಿಯಬಾರದು.

ಕ್ರಿಮಿನಲ್ ಭಾಗವೂ ಗೊತ್ತಿರಲಿ. ಕಟ್ಟುವಾಗ, ಕೆಡವುವಾಗ, ರಿಪೇರಿ ಮಾಡುವಾಗ ಕಟ್ಟಡವೋ ಅದರ ಭಾಗವೋ ಬಿದ್ದು ಜೀವಕ್ಕೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಂ. ಅಜಾಗರೂಕತೆಯಿಂದ ಸಾವಾದರೆ 106, ಐದು ವರ್ಷದ ತನಕ ಜೈಲು. ಅಲ್ಲಿ ಗುತ್ತಿಗೆ ಯಾರ ಹೆಸರಲ್ಲಿತ್ತು ಅನ್ನುವುದಷ್ಟೇ ನೋಡುವುದಿಲ್ಲ, ಅಪಾಯ ಗೊತ್ತಿದ್ದೂ ಬಿಟ್ಟವರು ಯಾರು ಅಂತ ನೋಡುತ್ತಾರೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ನಮ್ಮ ಕಡೆಯವರಿಗೆ ಅದು ಇನ್ನೂ ಹಸಿಯಾಗಿದೆ.

ಸ್ಲ್ಯಾಬಿಗೆ ಮೊದಲು ಗುತ್ತಿಗೆದಾರರಿಂದ ಕಾರ್ಮಿಕರ ಪರಿಹಾರದ ಪಾಲಿಸಿ ಮಾಡಿಸಿ. ಸರ್ಕಾರಿ ವಿಮಾ ಕಂಪನಿಗಳಲ್ಲೂ ಇದೆ. ಪ್ರೀಮಿಯಂ ನೀವೇ ಕೊಟ್ಟರೂ ಪರವಾಗಿಲ್ಲ.

ಗೌಂಡಿ, ಜಮಖಂಡಿ ಕಡೆಯವನು

ಅಕ್ಕಾ, ನಾನು 19 ವರ್ಷದಿಂದ ಗೌಂಡಿ ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರೂ ಹಿರಿಯರು ಹೇಳಿದ್ದು ಸರಿ ಇದೆ. ಆದರೆ ಆ ಹಲಗೆಯನ್ನು ಯಾಕೆ ಕಟ್ಟಲಿಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲ.

ಗಿಲಾವ್ ಬ್ರಾಸ್ ಲೆಕ್ಕದಲ್ಲಿ ಕೊಡುತ್ತಾರೆ. ನೂರು ಚದರಡಿ ಗೋಡೆ ಮುಗಿದರೆ ಇಷ್ಟು ಅಂತ. ಸಾರುವೆ ಕಟ್ಟಲು ಅರ್ಧ ದಿನ ಬೇಕು, ಬಿಚ್ಚಿ ಇನ್ನೊಂದು ಗೋಡೆಗೆ ಕಟ್ಟಲು ಮತ್ತೆ ಅರ್ಧ ದಿನ. ಆ ಅರ್ಧ ದಿನಕ್ಕೆ ಒಂದು ಪೈಸೆ ಇಲ್ಲ. ಹೊಸ ಹಗ್ಗಕ್ಕೆ ದುಡ್ಡು ಇಲ್ಲ. ಮೂರು ಹಲಗೆ ಹಾಕಿದರೆ ಮೂರೂ ಸರಿಸುತ್ತಾ ಹೋಗಬೇಕು, ಒಂದಾದರೆ ಒಂದೇ. ಸಂಜೆ ಆರಕ್ಕೆ ಎಷ್ಟು ಬ್ರಾಸ್ ಆಯ್ತು ಅಂತ ಕೇಳುತ್ತಾರೆ, ಎಷ್ಟು ಗಂಟು ಹಾಕಿದೆ ಅಂತ ಯಾರೂ ಕೇಳುವುದಿಲ್ಲ. ಆ ಹುಡುಗನಿಗೂ ಹಲಗೆ ಸರಿ ಇಲ್ಲ ಅಂತ ಗೊತ್ತಿರುತ್ತದೆ. ಅಂಜಿಕೆ ಬರುತ್ತದೆ ಅಂತ ಹೇಳಿದರೆ ನಾಳೆ ಬೇರೆಯವನನ್ನು ಕರೆದುಕೊಂಡು ಬರುತ್ತಾರೆ. ಮನೆಯಲ್ಲಿ ಎರಡು ವರ್ಷದ ಕೂಸು.

ಅದಕ್ಕೆ ನನ್ನದು ಒಂದೇ ಮಾತು. ಸಾರುವೆಗೆ ಬೇರೆ ದುಡ್ಡು ಕೊಡಿ. ಬ್ರಾಸ್ ಲೆಕ್ಕದಲ್ಲಿ ಸೇರಿಸಬೇಡಿ, ಸೇರಿಸಿದರೆ ಅದು ಗುತ್ತಿಗೆದಾರನ ಕಿಸೆಯಲ್ಲೇ ಉಳಿಯುತ್ತದೆ. ಇಬ್ಬರ ಅರ್ಧ ದಿನದ ಪಗಾರ, ಹೊಸ ಹಗ್ಗ, ನೀವು ಸ್ವತಃ ಕೆಳಗೆ ನಿಂತು ಕಟ್ಟಿಸಿ. ಇಡೀ ಮನೆಗೆ ಲೆಕ್ಕ ಹಾಕಿದರೂ ವಾಸ್ತುಶಾಂತಿಯ ಹೂವಿನ ಖರ್ಚಿಗಿಂತ ಕಡಿಮೆ ಬರುತ್ತದೆ.

ಹೆಲ್ಮೆಟ್ ಕೊಡಿಸುತ್ತೀರಿ ಅಂದರೆ ಐಎಸ್ಐ ಗುರುತು ಇರುವುದು, ಗದ್ದಕ್ಕೆ ಪಟ್ಟಿ ಇರುವುದು ಕೊಡಿಸಿ. ಬಗ್ಗಿದರೆ ಬೀಳುವ ಹೆಲ್ಮೆಟ್ ಯಾರೂ ಹಾಕುವುದಿಲ್ಲ. ನಮ್ಮ ಬಿಸಿಲು ನಿಮಗೆ ಗೊತ್ತು, 40 ಡಿಗ್ರಿ ದಾಟಿದಾಗ ತಲೆ ಬೇಯುತ್ತದೆ. ಸ್ಲ್ಯಾಬನ್ನು ನಸುಕಿನಲ್ಲಿ ಶುರು ಮಾಡಿಸಿ, ಮೇಲೇ ತಣ್ಣನೆ ನೀರು ಇಡಿಸಿ. ಮಡಕೆ ಕೆಳಗಿದ್ದರೆ ಇಳಿದು ಬಂದು ಕುಡಿಯಲು ಬಿಡುವುದಿಲ್ಲ. ಮಜ್ಜಿಗೆ ಉಪ್ಪು ಹಾಕಿ ಕೊಟ್ಟರೆ ಇನ್ನೂ ಒಳ್ಳೆಯದು.

ಮಿಕ್ಸರ್ ಹತ್ತಿರ, ಲಿಫ್ಟ್ ಮಷೀನ್ ಹತ್ತಿರ ಹೆಣ್ಣುಮಕ್ಕಳ ಸೆರಗು ಹಾರದ ಹಾಗೆ ನೋಡಿ. ಸೀರೆ ಮೇಲೆ ಅಂಗಿ ಹಾಕಿ ಸೆರಗು ಒಳಗೆ ಸಿಗಿಸಿದವರನ್ನೇ ಅಲ್ಲಿ ನಿಲ್ಲಿಸಬೇಕು. ನಮ್ಮ ಅವ್ವನ ಸೆರಗು ಒಮ್ಮೆ ಮಿಕ್ಸರ್ ಹಲ್ಲಿಗೆ ಸಿಕ್ಕಿತ್ತು. ಹಳೇ ಸೀರೆ, ಹರಿಯಿತು, ಬದುಕಿದಳು. ಹೊಸ ಸೀರೆಯಾಗಿದ್ದರೆ ಹರಿಯುತ್ತಿರಲಿಲ್ಲ. ನೀರಿನ ಟಾಕಿ ಬಾಯಿ ಮೇಲೆ ಬರೀ ಪತ್ರಾ ಮುಚ್ಚಿದ್ದರೆ ಇವತ್ತೇ ಭಾರದ ಕಲ್ಲು ಹೇರಿಸಿ. ಮಕ್ಕಳು ಅದರ ಮೇಲೆಯೇ ಆಡುತ್ತವೆ.

ಅಕ್ಕೋರು, ವಿಜಯಪುರ

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ನಿಮ್ಮ ಉಪಕಾರ ದೊಡ್ಡದು. ಏನೇನಾಯಿತು ಅಂತ ಬರೆಯುತ್ತೇನೆ.

ಸ್ಲ್ಯಾಬ್ ಗುರುವಾರಕ್ಕೆ ಮುಂದೆ ಹಾಕಿದೆ. ಗುತ್ತಿಗೆದಾರರು ಸಿಟ್ಟಾದರು, ಫೋನ್ ಇಟ್ಟರು, ಸಂಜೆ ತಾವೇ ಬಂದರು. ಅವರ ಜೊತೆ ನಿಂತು ಕಂಬದ ಬುಡ ನೋಡಿದೆ. ಒಳಗೆ ಎಲ್ಲ ಸರಿ ಇತ್ತು. ಮುಂದಿನ ಬಾಲ್ಕನಿಗೆ ಕೆಳಗಿನಿಂದ ಎದ್ದ ಐದು ಕಂಬಗಳಲ್ಲಿ ಎರಡು ಇಟ್ಟಂಗಿ ಮೇಲೆ ನಿಂತಿದ್ದವು. ಒಂದರ ಬುಡದಲ್ಲಿ ಇಟ್ಟಂಗಿ ಅರ್ಧ ಎರಿ ಮಣ್ಣಿನೊಳಗೆ ಇಳಿದಿತ್ತು. ಅಲ್ಲೇ ಪೈಪಿನ ನೀರು ಹರಿದು ಕೆಸರಾಗಿತ್ತು. ಕೈಯಿಂದ ಅಲ್ಲಾಡಿಸಿದೆ, ಅಲ್ಲಾಡಿತು. ಅವರೂ ನೋಡಿದರು, ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಕೆಸರು ತೆಗೆಸಿ, ಗರಸು ಬಡಿಸಿ, ದಪ್ಪ ಹಲಗೆ ಹಾಕಿ ಕಬ್ಬಿಣದ ಜಾಕು ನಿಲ್ಲಿಸಿದರು. ಅವರೇ ಮುಂದೆ ನಿಂತು ಮಾಡಿಸಿದರು.

ಜಮಖಂಡಿ ತಮ್ಮಾ, ನಿನ್ನ ಮಾತು ಓದಿ ನನಗೆ ಅಳು ಬಂತು. ಹಿಂದಿನ ಗೋಡೆಗೆ ಇಬ್ಬರಿಗೆ ಅರ್ಧ ದಿನದ ಪಗಾರ ಬೇರೆ ಕೊಟ್ಟೆ. ಹೊಸ ಕಾಥಿ ಹಗ್ಗ ತಂದುಕೊಟ್ಟೆ. ಮೂರು ಹಲಗೆ, ಹಿಂದೆ ಅಡ್ಡ ಬೊಂಬು. ಕಟ್ಟಿದ ಹುಡುಗರಲ್ಲಿ ಒಬ್ಬ ಮೇಲೆ ಹತ್ತಿ ಎರಡು ಸಲ ಜಿಗಿದು ತೋರಿಸಿ "ಈಗ ಗಿಲಾವ್ ಚಲೋ ಬರ್ತದ ಅಕ್ಕೋರೆ" ಅಂದ.

ಆಸ್ಪತ್ರೆ ಬಿಲ್ ಸದ್ಯಕ್ಕೆ ನಾವೇ ಕಟ್ಟಿದ್ದೇವೆ, ರಸೀದಿ ಇಟ್ಟಿದ್ದೇನೆ. ಅದರ ಅರ್ಧವನ್ನು ಮುಂದಿನ ಕಂತಿನಲ್ಲಿ ಮುರಿದುಕೊಳ್ಳಿ ಅಂತ ಗುತ್ತಿಗೆದಾರರು ಡೈರಿಯಲ್ಲಿ ಸಹಿ ಮಾಡಿದ್ದಾರೆ. ಹದಿನೈದು ದಿನಕ್ಕೊಮ್ಮೆ ಹುಡುಗನ ಕೈಗೆ ಕೊಡುವ ದುಡ್ಡಿಗೂ ಒಪ್ಪಿದ್ದಾರೆ. ನಡೆಸಿಕೊಡದಿದ್ದರೆ ವಕೀಲರನ್ನು ಮತ್ತೆ ಕೇಳುತ್ತೇನೆ. ಬೆನ್ನಿನ ಎಕ್ಸ್‌ರೇ ಮಾಡಿಸಿದರು, ದೇವರ ದಯೆ, ಏನೂ ಇಲ್ಲ. ಹುಡುಗನಿಗೆ ಕಾರ್ಡ್ ಇರಲಿಲ್ಲ. ಗೋವಾದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದರೂ ಯಾರೂ ಹೇಳಿರಲಿಲ್ಲವಂತೆ. ಅವನ ಹೆಂಡತಿಯದನ್ನು ಮಾಡಿಸಲು ಕಾಗದ ಹೊಂದಿಸುತ್ತಿದ್ದೇನೆ. ಪಾಲಿಸಿಯೂ ಆಯಿತು.

ಸೂಪರ್‌ವೈಸರ್ ಕಾಕಾ, ಒಂದು ಕೇಳುವುದಿದೆ. ಹಾಲ್ 16 ಅಡಿ ಅಗಲ ಇದೆ. ಬಾಲ್ಕನಿ ನಾಲ್ಕು ಅಡಿ ಹೊರಗೆ ಚಾಚಿದೆ. ಸ್ಲ್ಯಾಬ್ ಆದ ಮೇಲೆ ಏಳನೇ ದಿನಕ್ಕೆ ಸೆಂಟ್ರಿಂಗ್ ಸಾಮಾನು ಬಿಚ್ಚಿ ಬೇರೆ ಸೈಟಿಗೆ ಒಯ್ಯುತ್ತೇವೆ ಅನ್ನುತ್ತಿದ್ದಾರೆ, ಬಾಡಿಗೆ ಏರುತ್ತದಂತೆ. ಬಿಡಬಹುದಾ?

ಹಳೇ ಸೂಪರ್‌ವೈಸರ್, ಬಾಗಲಕೋಟೆ

ಬಿಡಬೇಡಿ ತಂಗಿ. ಐಎಸ್ 456 ಅಂತ ಕಾಂಕ್ರೀಟಿನ ನಿಯಮ ಪುಸ್ತಕ ಇದೆ. ಅದರಲ್ಲಿ 4.5 ಮೀಟರ್ ತನಕ ಇರುವ ಸ್ಲ್ಯಾಬಿನ ಕಂಬ ತೆಗೆಯಲು ಕನಿಷ್ಠ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ. ನಿಮ್ಮ 16 ಅಡಿ ಅಂದರೆ 4.9 ಮೀಟರ್ ಹತ್ತಿರ. ಅದೂ ಸಾದಾ ಓಪಿಸಿ ಸಿಮೆಂಟಿಗೆ. ಚೀಲದ ಮೇಲೆ ಪಿಪಿಸಿ ಅಂತ ಇದೆಯಾ ನೋಡಿ. ಈಗ ಮನೆಗಳಿಗೆ ಜಾಸ್ತಿ ಅದೇ ಬರುತ್ತದೆ, ಅದು ಗಟ್ಟಿಯಾಗಲು ಇನ್ನೂ ಸ್ವಲ್ಪ ದಿನ ತೆಗೆದುಕೊಳ್ಳುತ್ತದೆ. ನಾನಾದರೆ ಹಾಲ್ ಕೆಳಗಿನ ಕಂಬ 21 ದಿನ ಮುಟ್ಟಿಸುವುದಿಲ್ಲ. ಆ ದಿನಗಳ ಬಾಡಿಗೆ ನಿಮ್ಮ ಲೆಕ್ಕಕ್ಕೆ ಬಂದರೂ ಕೊಟ್ಟುಬಿಡಿ.

ಬಾಲ್ಕನಿಯ ಕಂಬ ಎಲ್ಲಕ್ಕಿಂತ ಕೊನೆಗೆ. ತೆಗೆಯುವಾಗ ಹೊರ ತುದಿಯಿಂದ ಶುರು ಮಾಡಿ ಗೋಡೆ ಕಡೆಗೆ ಬರಬೇಕು. ಹಾಲಿನದು ನಡುವಿನಿಂದ ಶುರು ಮಾಡಿ ಗೋಡೆ ಕಡೆಗೆ. ಒಂದೊಂದೇ, ನಿಧಾನವಾಗಿ ಸಡಿಲಿಸಬೇಕು, ಸುತ್ತಿಗೆಯಿಂದ ಹೊಡೆದು ಬೀಳಿಸಬಾರದು. ಬಿಚ್ಚುವವನು ಬಿಚ್ಚುತ್ತಿರುವ ಹಲಗೆ ಕೆಳಗೆ ನಿಲ್ಲಬಾರದು, ಹೆಲ್ಮೆಟ್ ಅವತ್ತೂ ಬೇಕು. ಸ್ಲ್ಯಾಬ್ ಮುಗಿದ ಸಂಜೆ ಸುಣ್ಣದ ಕಡ್ಡಿ ತಗೊಂಡು ಹಾಲಿನ ಗೋಡೆ ಮೇಲೆ ದೊಡ್ಡದಾಗಿ ಎರಡು ತಾರೀಖು ಬರೆಯಿರಿ. ಹಾಕಿದ್ದು ಇಂಥ ದಿನ, ಬಿಚ್ಚುವುದು ಇಂಥ ದಿನ. ಕೆಳಗೆ ನಿಮ್ಮ ಸಹಿ, ಗುತ್ತಿಗೆದಾರರ ಸಹಿ. ಶಾಲೆಯ ಅಕ್ಷರದಲ್ಲೇ ಬರೆಯಿರಿ, ಬಿಚ್ಚಲು ಬಂದ ಹುಡುಗರು ದೂರದಿಂದ ಓದುವ ಹಾಗಿರಲಿ.